ತೋಟಾ ಸಿಗದ ಕಾಲದಲ್ಲಿ ಮಾರಿದ ಜೋಡಿ ನಳಿಗೆ

ಅಪ್ಪನನ್ನು ಮಣ್ಣು ಮಾಡಿ, ಶಿಂಷಾ ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಊರಿಗೆ ಬರುತ್ತಿದ್ದಾಗ ಹಿಂದಿನಿಂದ ಯಾರೋ ಹೇಳಿದ ಮಾತು ಕಿವಿಗೆ ಬಿತ್ತು: "ಒಗೆ ಗೌಡ್ರು ಓಗ್ಬುಟ್ರಲ್ಲಾ, ಪಾಪ." ಹೇಳಿದವನ ದನಿಯಲ್ಲಿ ಕೊಂಕಿರಲಿಲ್ಲ, ಮರುಕವೇ ಇತ್ತು. ನನಗೆ ಮೈ ಉರಿದದ್ದು ಅದಕ್ಕೇ. ಸತ್ತ ದಿನ ಕನಿಕರದಿಂದ ನೆನೆಯುವಾಗಲೂ ಊರಿಗೆ ನಮ್ಮಪ್ಪನ ಬೇರೆ ಹೆಸರು ನೆನಪಾಗಲಿಲ್ಲ.

ಹೊಗೆ ಗೌಡರು ಎಂಬ ಆ ಅಡ್ಡಹೆಸರು ಇಟ್ಟವರು ಚಿಕ್ಕಪ್ಪ. ಅಪ್ಪನ ಒಡಹುಟ್ಟಿದವರಲ್ಲ, ದಾಯಾದಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಹಿತ್ತಿಲ ಗೋಡೆ. ಊರಿನಲ್ಲಿ ಕೋವಿಯ ಲೈಸೆನ್ಸು ಇದ್ದದ್ದು ಈ ಎರಡು ಮನೆಗಳಿಗೆ ಮಾತ್ರ.

ಯುಗಾದಿಯ ಮರುದಿನ, ಹೊಸ್ತೊಡಕಿಗೆ, ನಮ್ಮ ಕಡೆ ಊರೊಟ್ಟಿನ ಬೇಟೆ ನಡೆಯುತ್ತಿತ್ತು. ಬಲೆಯವರು, ನಾಯಿಯವರು, ತಮಟೆಯವರು ಎಲ್ಲ ಸೇರಿ ಹೊಳೆಯಾಚೆಯ ಕುರುಚಲು ಕಾಡಿನಿಂದ ಹಂದಿ ಎಬ್ಬಿಸುತ್ತಿದ್ದರು. ಕೊಕ್ಕರೆ ಬೆಳ್ಳೂರಿನ ಕಡೆಗೆ ಮಾತ್ರ ಹೋಗುತ್ತಿರಲಿಲ್ಲ. ಹಕ್ಕಿಗಳು ಬಸಿರು ಬಾಣಂತನಕ್ಕೆ ಬಂದ ಮನೆಮಕ್ಕಳು, ಅವಕ್ಕೆ ಸದ್ದು ಕೇಳಿಸಬಾರದು ಎಂದು ಅಲ್ಲಿಯವರು ಬೈಯುತ್ತಿದ್ದರು. ಬೇಟೆ ಬಿದ್ದ ಮೇಲೆ ಪಾಲು. ಮನುಷ್ಯರಿಗೆ, ನಾಯಿಗಳಿಗೆ ಇದ್ದಂತೆ ಕೋವಿಗೂ ಒಂದು ಪಾಲು ಇತ್ತು. ಅದು ಹಿಡಿದವನದಲ್ಲ, ಕೋವಿಯ ಮನೆಯದು. ಮೊದಲ ಗಾಯ ಮಾಡಿದ ಕೋವಿಗೆ ಆ ಪಾಲಿನ ಮೇಲೆ ಹಂದಿಯ ತಲೆ. ಆ ತಲೆ ಯಾರ ಮನೆಗೆ ಹೋಯಿತು ಎಂಬುದರ ಮೇಲೆ ಒಂದು ವರ್ಷ ಕಟ್ಟೆಯ ಮೇಲಿನ ಮಾತು ನಡೆಯುತ್ತಿತ್ತು.

ಅಪ್ಪನ ಬಳಿ ಮೂರು ಕೋವಿಗಳಿದ್ದವು. ಒಂದು ತಾತನ ಕಾಲದ ಬತ್ತಿ ಕೋವಿ, ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಳ್ಳಲು ಮಾತ್ರ ಲಾಯಕ್ಕು. ಎರಡನೆಯದು ಕೇಪಿನ ಕೋವಿ: ನಳಿಗೆಯ ಬಾಯಿಂದ ಮದ್ದು ಗುಂಡು ಜಡಿದು, ಹಿಂದೆ ಕೇಪು ಕೂರಿಸಿ ಹೊಡೆಯುವಂಥದು. ಹೊಡೆದರೆ ಎದುರಿಗೆ ಒಂದು ಹಟ್ಟಿ ಮರೆಯಾಗುವಷ್ಟು ಹೊಗೆ. ಮೂರನೆಯದು ಸೀಮೆಯ ಜೋಡಿ ನಳಿಗೆ ತೋಟಾ ಕೋವಿ: ಮದ್ದು ಗುಂಡು ಒಳಗೇ ತುಂಬಿ ಬರುವ ತೋಟಾವನ್ನು ಹಿಂದಿನಿಂದ ಹಾಕಿ ಹೊಡೆಯುವಂಥದು. ಬ್ಲಫಿನ ವಿದ್ಯುತ್ ಕೇಂದ್ರದಲ್ಲಿದ್ದ ಬಿಳಿಯ ಇಂಜಿನಿಯರೊಬ್ಬ ದೇಶಕ್ಕೆ ಹೊರಟಾಗ ಅಪ್ಪನಿಗೆ ಮಾರಿ ಹೋದದ್ದು. ಚಿಕ್ಕಪ್ಪನೂ ಅದಕ್ಕಾಗಿ ಬ್ಲಫಿಗೆ ಗಾಡಿ ಕಟ್ಟಿಸಿಕೊಂಡು ಹೋಗಿದ್ದರಂತೆ. ಅಪ್ಪ ಬೆಳಿಗ್ಗೆ ಹೋದರು, ಅವರು ಮಧ್ಯಾಹ್ನ ಹೋದರು. ಆ ಸಿಟ್ಟು ಅವರಿಗೆ ಇಳಿಯಲೇ ಇಲ್ಲ.

ನಾನು ಮೈಸೂರಿನಲ್ಲಿ ಓದುತ್ತಿದ್ದಾಗಿನ ಒಂದು ಯುಗಾದಿಯ ಬೇಟೆಯಲ್ಲಿ ಅಪ್ಪ ಕೇಪಿನ ಕೋವಿ ಹಿಡಿದಿದ್ದರು. ಗುಂಡಿಗೆ ಅದೇ ನಂಬಿಕೆಯದು ಎನ್ನುತ್ತಿದ್ದರು. ಚಿಕ್ಕಪ್ಪನ ಕೈಯಲ್ಲಿ ಅವರ ಒಂಟಿ ನಳಿಗೆ ತೋಟಾ ಕೋವಿ. ಹಂದಿ ಪೊದೆಯಿಂದ ನುಗ್ಗಿತು, ಎರಡೂ ಕೋವಿಗಳು ಹೆಚ್ಚುಕಡಿಮೆ ಒಟ್ಟಿಗೆ ಸಿಡಿದವು, ಹಂದಿ ಮುಂಗಾಲು ಮಡಿಸಿ ಬಿತ್ತು. ಅಪ್ಪ ತಲೆ ಕೇಳಿದರು. ಚಿಕ್ಕಪ್ಪ ನಕ್ಕರು.

"ಅಣ್ಣಾ, ನಿನ್ ಕೋವಿ ಒಗೆ ಬುಡ್ತು ಕಣಣ್ಣಾ. ಗುಂಡು ಓಗಿ ಆ ಜಾಲಿ ಮರಕ್ಕೆ ಬಡೀತು. ಬೇಕಾರೆ ಮರದ ತಲೆ ಒತ್ಕೊಂಡೋಗು."

ಎಲ್ಲರೂ ನಕ್ಕರು. ತಲೆ ಅವರ ಮಂಕರಿಗೆ ಬಿತ್ತು. ಅಂದಿನಿಂದ ಅಪ್ಪ ಬೇಟೆಗೆ ಹೋಗಲಿಲ್ಲ. ಪಡಸಾಲೆಯಲ್ಲಿ ಕೂತು ಕೋವಿಗಳಿಗೆ ಎಣ್ಣೆ ಹಚ್ಚಿ ಒರೆಸಿ, ಮತ್ತೆ ಗೂಟಕ್ಕೆ ತೂಗುಹಾಕುತ್ತಿದ್ದರು.

ಇದನ್ನೆಲ್ಲ ನಾನು ಕಣ್ಣಾರೆ ಕಂಡೆ ಎಂದು ಎಷ್ಟೋ ಕಾಲ ನಂಬಿದ್ದೆ. ಹಂದಿ ಮುಂಗಾಲು ಮಡಿಸಿದ್ದು, ಹೊಗೆಯೊಳಗಿಂದ ಅಪ್ಪನ ರುಮಾಲು ಮೊದಲು ಕಾಣಿಸಿದ್ದು ಈಗಲೂ ಕಣ್ಣ ಮುಂದಿದೆ. ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಅವ್ವನ ಮುಂದೆ ಇದನ್ನು ಹೇಳಿದಾಗ ಅವ್ವ ರಾಗಿ ಕೇರುವುದನ್ನು ನಿಲ್ಲಿಸಿದಳು.

"ನೀನೆಲ್ಲಿದ್ಯಪ್ಪಾ ಅವತ್ತು? ಮದ್ದೂರಲ್ಲಿ ರೈಲಿಳಿದು ನೀ ಮನೆಗೆ ಬಂದದ್ದೇ ಬೈಗಾದ್ಮೇಲೆ. ಉಂಡು ಮನಿಕ್ಕೊಂಡೆ. ನಿಮ್ಮಪ್ಪಾರು ಉಣ್ಣಲಿಲ್ಲ, ಅದೂ ನಿಂಗೆ ಗೊತ್ತಾಗಲಿಲ್ಲ."

"ಹಂಗಾದ್ರೆ ಹೊಗೆ ನೋಡಿದ್ದು?"

"ನಿಮ್ಮಪ್ಪ ಕೋವಿ ಒಡೆದದ್ದು ನೀನು ಅದೊಂದೇ ದಿನವಾ ನೋಡಿರದು?"

ಕಾಲೇಜಿನಲ್ಲಿ ಬಿ.ಎ.ಗೆ ತರ್ಕಶಾಸ್ತ್ರ ಓದಿದವನು ನಾನು. ಸಾಕ್ಷಿ ಯಾವುದು, ಕೇಳಿದ ಮಾತು ಯಾವುದು ಎಂದು ಬೇರೆ ಮಾಡುವುದು ಕಲಿತಿದ್ದೆ. ನನ್ನ ತಲೆಯೊಳಗೇ ಅದನ್ನು ಮಾಡಲಾಗಲಿಲ್ಲ. ಗುಂಡು ಸಿಕ್ಕೀತೇ ಎಂದು ಜಾಲಿ ಮರ ನೋಡಲು ಹೊಳೆ ದಾಟಿ ಹೋದೆ. ಯುದ್ಧ ಶುರುವಾಗಿ ಪೆಟ್ರೋಲು ಮಾಯವಾಗಿ, ಮಳವಳ್ಳಿಯ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದ ಕಾಲ. ಜಾಲಿ ಮರಗಳನ್ನೆಲ್ಲ ಇದ್ದಿಲಿಗೆ ಕಡಿದಿದ್ದರು. ಅಲ್ಲಿ ಇದ್ದದ್ದು ಸುಟ್ಟ ಗುಳಿಗಳು ಮಾತ್ರ. ಮರ ಉಳಿದಿಲ್ಲವೆಂದಾಗ ನನ್ನ ಸಿಟ್ಟು ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಇನ್ನು ನಿಜ ಗೊತ್ತಿರುವುದು ಒಬ್ಬರಿಗೇ, ಅದನ್ನು ಅವರ ಬಾಯಿಂದಲೇ ಕಟ್ಟೆಯ ಮೇಲೆ ಹೇಳಿಸಬೇಕು ಎಂದು ನಿಶ್ಚಯಿಸಿಕೊಂಡೆ.

ಅಷ್ಟರಲ್ಲಿ ಮದ್ದೂರಿನ ಕಚೇರಿಯಿಂದ ಕರೆ ಬಂತು. ಸತ್ತವರ ಹೆಸರಿನಲ್ಲಿ ಕೋವಿ ಇಟ್ಟುಕೊಳ್ಳುವಂತಿಲ್ಲ. ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲವೇ ಲೈಸೆನ್ಸು ಇದ್ದವರಿಗೆ ಮಾರಬೇಕು. ಬತ್ತಿ ಕೋವಿಯನ್ನು ಕಚೇರಿಗೇ ಒಪ್ಪಿಸಿದೆ. ಉಳಿದೆರಡರ ವಿಷಯದಲ್ಲಿ ವಾಯಿದೆ ಕೇಳಿಕೊಂಡೆ. ನೋಡಿದವರೆಲ್ಲ ಹೇಳಿದ್ದು ಒಂದೇ: ಸೀಮೆ ಕೋವಿ ಇಟ್ಟುಕೋ, ಕೇಪಿನದನ್ನು ಮಾರು. ಕೇಳುವುದಕ್ಕೆ ಸರಿಯಾದ ಬುದ್ಧಿಯೇ.

ತೋಟಾ ಕೊಳ್ಳಲು ಮೈಸೂರಿಗೆ ಹೋದೆ. ಕೋವಿ ಅಂಗಡಿಯ ಮುದುಕ ಖಾಲಿ ಕಪಾಟು ತೆರೆದು ತೋರಿಸಿದ. "ಹಡಗು ಬರೋದು ನಿಂತಿದೆ ಸ್ವಾಮಿ. ಇದ್ದದ್ದು ದೊಡ್ಡವರ ಮನೆಗಳಿಗೆ ಹೋಯಿತು. ಇನ್ನು ಯುದ್ಧ ಮುಗಿಯೋವರೆಗೂ ತೋಟಾ ಕೋವಿ ಅಂದರೆ ಊರುಗೋಲು." ನಮ್ಮ ಮನೆಯಲ್ಲಿ ತೋಟಾ ಉಳಿದದ್ದು ಒಂದು ಹಿಡಿ. ಕೇಪುಗಳೋ, ಅಪ್ಪ ಬಿಸ್ಕತ್ತಿನ ಡಬ್ಬಿಯ ತುಂಬ ಕೂಡಿಟ್ಟಿದ್ದರು. ಮದ್ದು ನಮ್ಮ ಕಡೆ ಹೇಗೋ ಸಿಗುತ್ತಿತ್ತು. ರೈಲಿನಲ್ಲಿ ಹಿಂದಿರುಗುವಾಗ ನನಗೆ ಒಳಗೊಳಗೇ ನಗು. ಯಾವುದನ್ನು, ಯಾವಾಗ, ಯಾರಿಗೆ ಮಾರಬೇಕು ಎಂಬ ಮೂರೂ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಈ ಸುದ್ದಿ ನಮ್ಮೂರಿಗೆ ಮುಟ್ಟುವ ಮೊದಲು ಕೆಲಸ ಮುಗಿಯಬೇಕಿತ್ತು, ಅಷ್ಟೆ.

ಹುಡುಕಿಕೊಂಡು ಹೋಗುವ ಅಗತ್ಯ ಬೀಳಲಿಲ್ಲ. ಚಿಕ್ಕಪ್ಪ ತಾವಾಗಿಯೇ ಜಗುಲಿಗೆ ಬಂದರು.

"ಏನ್ಲಾ ಬಿಯೆ, ಕೋವಿ ಮಾರ್ತೀಯಂತೆ?"

"ಯಾರು ಹೇಳಿದ್ದು ಚಿಕ್ಕಪ್ಪ?"

"ಕಚೇರಿ ಗೋಡೆಗೂ ಬಾಯದೆ ಬುಡು. ಓದ್ದೋನ್ ಕೈಗೆ ಕೋವಿ ಯಾಕ್ಲಾ? ನಮ್ಮಣ್ಣನ್ ಕೋವಿ ಬ್ಯಾರೆಯೋರ ಮನೆ ಸೇರಬಾರ್ದು, ಅದಕ್ಕೆ ಕೇಳ್ತಿವ್ನಿ. ಆ ಸೀಮೆದು ಕೊಡು. ಒಗೆ ಕೋವಿ ನೀನೇ ಮಡಿಕ್ಕೊ."

ನಾನು ಸ್ವಲ್ಪ ಹೊತ್ತು ಯೋಚಿಸುವವನ ಹಾಗೆ ಕೂತೆ. ಅಪ್ಪನ ಜ್ಞಾಪಕಾರ್ಥ ಅದನ್ನೇ ಇಟ್ಟುಕೊಳ್ಳಬೇಕು ಅಂತಿದ್ದೆ ಎಂದೆ. ಅವರು ಇನ್ನೆರಡು ಸಲ ಬಂದರು. ಮೂರನೆಯ ಸಲ, ಅವರ ಮನಸ್ಸಿಗೆ ನೋವು ಮಾಡಲಾರದವನಂತೆ ಒಪ್ಪಿದೆ. ಅವರು ತಮ್ಮ ಒಂಟಿ ನಳಿಗೆಯನ್ನು ಅದರ ತೋಟಾಗಳ ಸಮೇತ ವೈದ್ಯನಾಥಪುರದ ಕಡೆಯವರೊಬ್ಬರಿಗೆ ಕೊಟ್ಟು ಇದನ್ನು ಕೊಂಡರು. ಉಳಿದ ತೋಟಾಗಳನ್ನೂ ಧಾರಾಳವಾಗಿ ಕೊಟ್ಟೆ. ಕೊಡದಿದ್ದರೆ ಅನುಮಾನ ಬರುತ್ತಿತ್ತು.

ಆ ಮಾಘದಲ್ಲಿ ಅವರ ಮಗನ ಮದುವೆ. ಗಂಡಿನ ಮೆರವಣಿಗೆಯಲ್ಲಿ ಕೋವಿ ಹಾರಿಸದಿದ್ದರೆ ದೊಡ್ಡ ಮನೆಯೆಂದು ಹೇಳಿಕೊಳ್ಳುವುದು ಹೇಗೆ? ಚಿಕ್ಕಪ್ಪ ಜರಿ ಪೇಟ ಸುತ್ತಿಕೊಂಡು, ಎರಡೂ ನಳಿಗೆಗೆ ತೋಟಾ ತುಂಬಿ ಆಕಾಶಕ್ಕೆ ಹೊಡೆದರು. ಹೆಣ್ಣಿನ ಕಡೆಯವರು ಬೆಚ್ಚಿ ಕಿವಿ ಮುಚ್ಚಿಕೊಂಡರು. ನಾನು ಅವರ ಪಕ್ಕದಲ್ಲೇ ಇದ್ದೆ. ಇದು ಮಾತ್ರ ಕೇಳಿದ ಮಾತಲ್ಲ.

"ಚಿಕ್ಕಪ್ಪ, ಬೀಗರು ಇನ್ನೂ ಬಾಗಿಲಲ್ಲೇ ಅವ್ರೆ. ಇನ್ನೊಂದ್ಸಲ ಆಗ್ಲಿ."

"ಆಗ್ಲಿ ಅಂತೀಯಾ?"

"ಊರಿನ ಮರ್ಯಾದೆ ಚಿಕ್ಕಪ್ಪ."

ಅವರು ಮತ್ತೆ ತುಂಬಿದರು. ಧಾರೆಯ ಹೊತ್ತಿಗೆ ನನ್ನಪ್ಪನ ತೋಟಾಗಳೆಲ್ಲ ಮೋಡಕ್ಕೆ ಹೋಗಿದ್ದವು. ನಾನು ಎರಡು ಸಲ ಪಾಯಸ ಬಡಿಸಿಕೊಂಡೆ.

ಆಮೇಲೆ ಅವರು ಮಂಡ್ಯಕ್ಕೆ ಹೋದರು, ಮೈಸೂರಿಗೆ ಹೋದರು, ಬೆಂಗಳೂರಿಗೆ ಆಳು ಕಳಿಸಿದರು. ಒಂದು ತೋಟಾ ಸಿಗಲಿಲ್ಲ. ಆದರೂ ಯುಗಾದಿ ಬೇಟೆಗೆ ಜೋಡಿ ನಳಿಗೆ ಹೆಗಲಿಗೇರಿಸಿಕೊಂಡೇ ಬಂದರು. ಬಾರದೆ ಇರುವುದು ಅವರಿಂದಾಗುವಂತಿರಲಿಲ್ಲ. ನಾನು ಕೇಪಿನ ಕೋವಿ ತಂದಿದ್ದೆ. ಹಂದಿ ಬಂತು, ಹೊಡೆದೆ. ಹೊಗೆ ಕರಗಿದಾಗ ಅದು ಹತ್ತಡಿ ಓಡಿ ಬಿದ್ದಿತ್ತು. ಸಿಡಿದದ್ದು ಒಂದೇ ಕೋವಿಯಾದ್ದರಿಂದ ತಕರಾರಿಗೆ ಎಡೆಯಿರಲಿಲ್ಲ.

ಪಾಲು ಹಾಕುವ ಹಿರಿಯ ಮುತ್ತುಗದ ಎಲೆಗಳನ್ನು ಸಾಲಾಗಿ ಹರಡಿ, ಪದ್ಧತಿಯಂತೆ ಕೇಳಿದ: "ಗೌಡ್ರೆ, ನಿಮ್ ಕೋವಿ ಮಾತಾಡ್ತಾ?"

ಚಿಕ್ಕಪ್ಪ ಜೋಡಿ ನಳಿಗೆಯನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು.

"ಮಾತಾಡ್ಲಿಲ್ವಾ? ಹಂಗಾರೆ ಕೋವಿ ಪಾಲಿಲ್ಲ. ಆಳ್ ಪಾಲು ತಕೊಳ್ಳಿ."

ಯಾರೋ ಹಿಂದಿನಿಂದ, "ಒಗೆನೂ ಬರ್ಲಿಲ್ವಲ್ಲಾ!" ಎಂದ. ನಗು ಎದ್ದಿತು. ನಾನು ನಗಲಿಲ್ಲ, ನಗುವ ಅಗತ್ಯವಿರಲಿಲ್ಲ. ತಲೆಯನ್ನು ಹೊರಿಸಿಕೊಂಡು ಬೇಕೆಂದೇ ಅವರ ಮನೆಯ ಮುಂದಿನ ದಾರಿಯಲ್ಲಿ ಬಂದೆ.

ಅಷ್ಟಕ್ಕೆ ಸಾಕೆನ್ನಿಸಬೇಕಿತ್ತೇನೋ. ಸಾಲಲಿಲ್ಲ. ಅವರನ್ನು ನಗೆಪಾಟಲು ಮಾಡಿದೆ ನಿಜ, ಆದರೆ ಅಪ್ಪನ ಗುಂಡು ಹಂದಿಗೆ ಬಿತ್ತೋ ಮರಕ್ಕೆ ಬಿತ್ತೋ, ಅದು ಇದ್ದಲ್ಲೇ ಇತ್ತು.

ಮಳೆಗಾಲ ಕಳೆದು ನಾಲೆ ಬಯಲಿನ ಕಬ್ಬು ಎದೆಯೆತ್ತರ ಬಂದಾಗ ಹಂದಿಗಳು ಇಳಿದವು. ಚಿಕ್ಕಪ್ಪನ ಕಬ್ಬು ಕಾಡಿನ ಅಂಚಿಗೆ ಇದ್ದದ್ದು. ತಮಟೆ, ಪಂಜು ಯಾವುದಕ್ಕೂ ಹಂದಿ ಬಗ್ಗಲಿಲ್ಲ. ಒಂದು ಬೆಳಿಗ್ಗೆ ಅವರು ಮತ್ತೆ ನಮ್ಮ ಜಗುಲಿಗೆ ಬಂದರು. ಈ ಸಲ ಮೆಟ್ಟಿಲ ಮೇಲೆಯೇ ಕೂತರು.

"ಆ ಕೇಪಿನದು ಒಂದಷ್ಟು ದಿನ ಕೊಡು ಮಗ. ಇಲ್ಲ ನೀನೇ ಬಂದು ಒಡ್ಕೊಡು. ಕಬ್ಬು ನೆಲ ಕಚ್ಚೋಗದೆ."

"ಬತ್ತೀನಿ ಚಿಕ್ಕಪ್ಪ. ಅದಕ್ಕೆ ಮುಂಚೆ ಕಟ್ಟೆ ಮೇಲೆ ಒಂದು ಮಾತು ಹೇಳ್ಬೇಕು ನೀವು. ಅಪ್ಪ ಕಡೇ ಸಲ ಬೇಟೆಗೆ ಬಂದಾಗ ಹಂದಿಗೆ ಬಿದ್ದದ್ದು ಯಾರ ಗುಂಡು ಅಂತ."

ಅವರು ನನ್ನ ಮುಖವನ್ನೇ ನೋಡಿದರು. "ಅದನ್ನ ಇನ್ನೂ ಕಟ್ಕೊಂಡಿದ್ದೀಯೇನ್ಲಾ?"

ಅರಳಿಕಟ್ಟೆಗೆ ನಾನೇ ಜನ ಸೇರಿಸಿದೆ. ಚಿಕ್ಕಪ್ಪ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದು ನಿಂತು, ಗಟ್ಟಿಯಾಗಿಯೇ ಹೇಳಿದರು: "ಅವತ್ತು ಹಂದಿಗೆ ಬಿದ್ದದ್ದು ನಮ್ಮಣ್ಣನ ಗುಂಡು. ನಂದಲ್ಲ. ತಲೆ ನಾನು ಅನ್ಯಾಯವಾಗಿ ತಕೊಂಡೆ."

ಅಪ್ಪ ಇರಬೇಕಿತ್ತು ಎಂದು ನೆನೆಯುತ್ತಿದ್ದೆ. ಆಗ ಅವರು ಕಟ್ಟೆಯಿಳಿದು ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದರು:

"ಸರಿಯಾಯ್ತಾ? ಇನ್ನೂ ಏನಾರ ಸೇರಿಸ್ಬೇಕಿತ್ತಾ?"

ವ್ಯಂಗ್ಯವಿರಲಿಲ್ಲ. ಗಾಡಿಗೆ ಮೂಟೆ ಏರಿಸಿದ ಮೇಲೆ ಆಳು ಕೇಳುವಂತೆ ಕೇಳಿದರು. ಕಬ್ಬು ಉಳಿಸಿಕೊಳ್ಳಲು ಅವರು ಇದನ್ನೂ ಹೇಳುತ್ತಿದ್ದರು, ಇದರ ತಿರುಗುಮುರುಗನ್ನೂ ಹೇಳುತ್ತಿದ್ದರು. ಯಾವುದು ನಡೆದದ್ದೆಂದು ಬಹುಶಃ ಅವರಿಗೂ ಮರೆತಿತ್ತು. ಇಷ್ಟು ಕಾಲ ಕಾದು ತೆಗೆಸಿದ ಮಾತು ಒಂದು ಅರೆಗಳಿಗೆಯಲ್ಲಿ ಕೆಲಸಕ್ಕೆ ಬಾರದ್ದಾಯಿತು.

ಮಾರನೆಯ ದಿನ ಕೇಪಿನ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಮಳವಳ್ಳಿಯ ಬಸ್ಸಿಗೆ ಕಾದು ನಿಂತೆ. ಅಲ್ಲಿನ ಜಮೀನ್ದಾರರೊಬ್ಬರು ಬಹಳ ದಿನದಿಂದ ಕೇಳುತ್ತಿದ್ದರು. ಸುದ್ದಿ ತಿಳಿದು ಚಿಕ್ಕಪ್ಪ ಗದ್ದೆಯಿಂದ ಓಡೋಡಿ ಬಂದರು, ಕಾಲಿನ ಕೆಸರೂ ಒಣಗಿರಲಿಲ್ಲ.

"ಲೇ, ಬತ್ತೀನಿ ಅಂತ ಮಾತು ಕೊಟ್ಟಿದ್ದೆ ಕಣ್ಲಾ!"

"ಸೀಮೆ ಕೋವಿ ನಿಮ್ಮನೇಲೇ ಅದೆಯಲ್ಲ ಚಿಕ್ಕಪ್ಪ."

"ನಿನ್ ಕಬ್ಬೂ ಅಲ್ಲೇ ಅದೆ, ಬುದ್ಧಿಗೇಡಿ. ಹಂದಿ ಬದು ನೋಡ್ಕೊಂಡು ತಿಂತದಾ?"

ಅದು ನನಗೆ ಗೊತ್ತಿತ್ತು. ಆ ವರ್ಷ ನನ್ನ ಕಬ್ಬೂ ಹೋಯಿತು. ಅವರದು ನನ್ನದಕ್ಕಿಂತ ಹೆಚ್ಚು ಹೋಯಿತು. ಬದುವಿನ ಮೇಲೆ ನಿಂತು ಎರಡನ್ನೂ ಹೋಲಿಸಿ ನೋಡಿ ಮನೆಗೆ ಬರುತ್ತಿದ್ದೆ.

ಮಳವಳ್ಳಿಯ ಜಮೀನ್ದಾರರು ಕೋವಿಯನ್ನು ಭುಜಕ್ಕೆ ಕೊಟ್ಟು, ಎದುರಿನ ತೆಂಗಿನ ಮರಕ್ಕೆ ಹಿಡಿದು ನೋಡಿದರು. "ಗುರಿ ಹ್ಯಾಗಿದೆ? ನೆಟ್ಟಗೆ ಹೊಡೀತದಾ?"

ನಾನೇ ಹೊಡೆದ ಹಂದಿಯ ವಿಷಯ ಹೇಳಿದ್ದರೆ ಸಾಕಿತ್ತು. ಅದು ಬಾಯಿಗೆ ಬರಲಿಲ್ಲ.

"ನಮ್ಮಪ್ಪನ ಕೈಯಲ್ಲಿ ಇದು ತಪ್ಪಿದ್ದನ್ನ ನಾನು ನೋಡಿಲ್ಲ," ಎಂದೆ.

ಅವರು ತಲೆಯಾಡಿಸಿ ಕೋವಿಯನ್ನು ಒಳಗೆ ಕೊಟ್ಟು ಕಳಿಸಿದರು.