ಕೇಬಲ್‌ಗೆ ಅಂಗಿ ತೊಡಿಸುವವರು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಗುಂಡಿ, ಗುಂಡಿಯ ಅಂಚಿನಲ್ಲಿ ಬೋರಲು ಹಾಕಿದ ಬಕೆಟ್, ಬಕೆಟ್ಟಿನ ಮೇಲೆ ಗುಂಡಿಯಣ್ಣ. ಮೂವತ್ತು ವರ್ಷದ ನೌಕರಿಯಲ್ಲಿ ಕೆಲಸದ ಹೊತ್ತಿನಲ್ಲಿ ಅವರು ಗುಂಡಿಯ ಹೊರಗೆ ಕೂತಿರುವುದು ಇದೇ ಮೊದಲಂತೆ. ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ. ಬಲಗಾಲು ಉದ್ದಕ್ಕೆ ಚಾಚಿದೆ, ಮಡಚಿದರೆ ನೋವು. ಗುಂಡಿಯೊಳಗೆ ಕೆಸರಿನಲ್ಲಿ ಮಂಡಿಯೂರಿ ಕೂತು ಕೇಬಲ್ ಸುಲಿಯುತ್ತಿರುವವರು ಅವರ ಹೆಂಡತಿಯ ತಮ್ಮ.

"ಇಷ್ಟೊತ್ತಿಗೆ ನಾನಾಗಿದ್ರೆ ಅರ್ಧ ಮುಗಿಸಿರ್ತಿದ್ದೆ," ಎನ್ನುತ್ತಾರೆ ಗುಂಡಿಯಣ್ಣ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳಿದಂತೆ.

"ಕೇಳಿಸ್ತು ಭಾವ," ಎಂದು ಗುಂಡಿಯೊಳಗಿನಿಂದ ಉತ್ತರ ಬರುತ್ತದೆ.

ಗುಂಡಿಯಣ್ಣ ವಿದ್ಯುತ್ ಇಲಾಖೆಯ ಕೇಬಲ್ ಜಾಯಿಂಟರ್. ನೆಲದಡಿಯಲ್ಲಿ ಸುಟ್ಟುಹೋದ ಕೇಬಲ್ಲನ್ನು ಕತ್ತರಿಸಿ ಮತ್ತೆ ಗಂಟು ಹಾಕುವುದು ಅವರ ಕೆಲಸ. ಅವರಿಗೆ ಇಟ್ಟ ಹೆಸರು ಬೇರೆಯೇ ಇದೆ, ಆದರೆ ಕಚೇರಿಯಲ್ಲಿ ಆ ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ನಗರದ ಕರೆಂಟಿನ ಬಗ್ಗೆ ಮಾತಾಡಲು ನಮಗೆಲ್ಲ ಬಾಯಿ ಬರುತ್ತದೆ. ಅಣೆಕಟ್ಟಿನ ನೀರು ತಳ ಕಂಡಿತಂತೆ, ಕಲ್ಲಿದ್ದಲಿನ ಹೊಗೆ ಹೆಚ್ಚಾಯಿತಂತೆ, ಬಯಲಿಗೆ ಬಯಲೇ ಸೌರಫಲಕ ಹಾಸಿದ್ದಾರಂತೆ. ಅಲ್ಲಿಂದ ಹೊರಟದ್ದು ನಮ್ಮ ಮನೆಯ ಸ್ವಿಚ್ಚಿಗೆ ಹೇಗೆ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

"ನೀರಿಂದ ಮಾಡ್ಲಿ, ಬಿಸಿಲಿಂದ ಮಾಡ್ಲಿ, ನಮ್ಮ ಗುಂಡಿ ದಾಟ್ಕೊಂಡೇ ಬರ್ಬೇಕು. ಕರೆಂಟಿಗೆ ಬೇರೆ ದಾರಿ ಇಲ್ಲ," ಎನ್ನುತ್ತಾರೆ. ಹೆಮ್ಮೆಯಿಂದಲ್ಲ. ಬೇಸತ್ತ ದನಿಯಲ್ಲಿ.

ಬೇಸರಕ್ಕೆ ಕಾರಣವಿದೆ. ಸೆಕೆ ಏರಿದಷ್ಟೂ ಮನೆಮನೆಯ ಏಸಿಗಳು ಬಿಡುವಿಲ್ಲದೆ ಓಡುತ್ತವೆ, ಈಗ ಅವುಗಳ ಜೊತೆಗೆ ಬ್ಯಾಟರಿ ಕಾರುಗಳೂ ಸೇರಿವೆ. ನೆಲದಡಿಯ ಕೇಬಲ್ಲು ಮಾತ್ರ ಅದೇ ಹಳೆಯದು. ಕಾದು ಕಾದು ಎಲ್ಲೋ ಒಂದು ಕಡೆ ಸಿಡಿಯುತ್ತದೆ. ಮೊದಲೆಲ್ಲ ವಾರಕ್ಕೊಂದು ಗುಂಡಿ ತೋಡಿದರೆ ಹೆಚ್ಚು, ಈಗ ದಿನಕ್ಕೆ ಎರಡು ಮೂರು. ಈ ಭಾಗಕ್ಕೆಲ್ಲ ಇರುವ ಜಾಯಿಂಟರ್ ಇವರೊಬ್ಬರೇ. ಇಬ್ಬರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ.

"ಡಾಕ್ಟರು ಹೇಳ್ಬಿಟ್ರು, ಮಂಡಿ ಪೂರ್ತಿ ಸವೆದಿದೆ, ಇನ್ನೊಂದು ವರ್ಷ ಹೀಗೇ ಮಂಡಿಯೂರಿದ್ರೆ ನಡೆಯೋ ಆಸೆ ಬಿಟ್ಬಿಡಿ ಅಂತ. ಆಫೀಸಲ್ಲಿ ಹೇಳಿದ್ರೆ, ನಿಮ್ಮ ಬದಲಿಗೆ ಒಬ್ಬರನ್ನ ತಯಾರು ಮಾಡಿ, ಉಗ್ರಾಣದಲ್ಲಿ ಕೂರೋ ಕೆಲಸ ಕೊಡ್ತೀವಿ ಅಂತಾರೆ. ಯಾರನ್ನ ತಯಾರು ಮಾಡ್ಲಿ? ಸಿಕ್ಕಿದ್ದು ಇವನೇ."

ಸಿಕ್ಕಿದವರಿಗೆ ಇವತ್ತು ಪರೀಕ್ಷೆ. ಹತ್ತು ವರ್ಷ ಭಾವನ ಪಕ್ಕದಲ್ಲಿ ಬರ್ನರ್ ಹಿಡಿದು ಕೂತಿದ್ದವರು ಇವತ್ತು ಒಬ್ಬರೇ ಗಂಟು ಹಾಕಿ ತೋರಿಸಬೇಕು. ಗುಂಡಿಯಣ್ಣ ಕೈ ಹಚ್ಚುವಂತಿಲ್ಲ. ಎಂಜಿನಿಯರ್ ಮೇಡಂ ಒಪ್ಪಿದರೆ ಸೋಮವಾರದಿಂದಲೇ ಉಗ್ರಾಣದ ಕುರ್ಚಿ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಒಂದು ಸಣ್ಣ ಕೆಲಸವಿದೆ. ಗಂಟನ್ನು ನೀರಿನಿಂದ ಕಾಯುವ ದಪ್ಪ ಕರಿ ಕೊಳವೆಯನ್ನು ಕೇಬಲ್ಲಿನ ಒಂದು ತುದಿಗೆ ಮುಂಚೆಯೇ ತೂರಿಸಿ ಹಿಂದಕ್ಕೆ ಸರಿಸಿಟ್ಟಿರಬೇಕು. ಇವರ ಬಾಯಲ್ಲಿ ಅದು 'ಅಂಗಿ'. ಎರಡೂ ತುದಿ ಸೇರಿಸಿದ ಮೇಲೆ ಅಂಗಿಯನ್ನು ಗಂಟಿನ ಮೇಲೆ ಎಳೆದು, ಬೆಂಕಿ ತಾಗಿಸಿದರೆ ಅದು ಕುಗ್ಗಿ ಬಿಗಿಯಾಗಿ ಕೂರುತ್ತದೆ. ಮರೆತರೆ ಮುಗಿಯಿತು. ದಾರದ ಎರಡೂ ತುದಿ ಗಂಟು ಹಾಕಿದ ಮೇಲೆ ಮಣಿ ಪೋಣಿಸಲು ಬರುತ್ತದೆಯೇ?

ಭಾವಮೈದನ ಕೈ ಈಗ ಚುರುಕಾಗಿದೆ. ತಾಮ್ರದ ಎಳೆಗಳನ್ನು ಜೋಡಿಸಿ, ಕೈಪ್ರೆಸ್ಸಿನಿಂದ ಒಂದೊಂದನ್ನೇ ಒತ್ತಿ, ಅರಗಿನ ಪಟ್ಟಿ ಸುತ್ತುತ್ತಿದ್ದಾರೆ. ಗುಂಡಿಯಣ್ಣ ಆ ಕೈಗಳನ್ನೇ ನೋಡುತ್ತಾ ತಮಗೇ ಗೊತ್ತಿಲ್ಲದೆ ಬೆರಳಾಡಿಸುತ್ತಿದ್ದಾರೆ. "ಪರವಾಗಿಲ್ಲ, ಕಲಿತಿದಾನೆ," ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. ಬಂದಾಗಿನಿಂದ ಆ ಮುಖದಲ್ಲಿ ನಗು ಕಂಡದ್ದು ಆಗಲೇ. ಚಾಚಿದ ಕಾಲನ್ನು ಸರಿಮಾಡಿಕೊಳ್ಳಲು ಕೆಳಗೆ ನೋಡುತ್ತಾರೆ. ಬಕೆಟ್ಟಿನ ಪಕ್ಕದಲ್ಲೇ, ಪ್ಲಾಸ್ಟಿಕ್ ಹಾಳೆಯ ಮೇಲೆ, ಅಂಗಿ ಬಿದ್ದಿದೆ.

ಅದೇ ಹೊತ್ತಿಗೆ ಭಾವಮೈದನೂ ತಲೆಯೆತ್ತಿ ಅದನ್ನು ನೋಡುತ್ತಾರೆ. ಪಟ್ಟಿ ಸುತ್ತುವುದನ್ನು ಬಿಟ್ಟುಬಿಡುತ್ತಾರೆ. ಎಂಜಿನಿಯರ್ ಮೇಡಂ ನಾಲ್ಕು ಮಾರು ಆಚೆ ಫೋನಿನಲ್ಲಿದ್ದಾರೆ. ರಾತ್ರಿ ಈ ಕೇಬಲ್ ಸುಟ್ಟಾಗಿನಿಂದ ಓಡುತ್ತಿರುವ ಆಸ್ಪತ್ರೆಯ ಜನರೇಟರಿಗೆ ಡೀಸೆಲ್ ಎಲ್ಲಿಯವರೆಗೆ ಸಾಕಾಗುತ್ತದೆ ಎಂಬ ಮಾತು ನಡೆದಿದೆ.

"ಭಾವ," ಪಿಸುದನಿಯಲ್ಲಿ ಕೇಳುತ್ತಾರೆ ಭಾವಮೈದ, "ಮೇಲಿಂದ ಟೇಪ್ ಸುತ್ಬಿಡ್ಲಾ? ಮಣ್ಣು ಮುಚ್ಚಿದ್ಮೇಲೆ ಯಾರಿಗೆ ಕಾಣುತ್ತೆ?"

ಯಾರಿಗೂ ಕಾಣುವುದಿಲ್ಲ. ಕರೆಂಟ್ ಬರುತ್ತದೆ, ಆಸ್ಪತ್ರೆ ಬೆಳಗುತ್ತದೆ, ಭಾವಮೈದ ಪಾಸು, ಸೋಮವಾರ ಕುರ್ಚಿ. ಗುಂಡಿಯಣ್ಣ ತಮ್ಮ ಮಂಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಅಂಗಿಯನ್ನೇ ನೋಡುತ್ತಾರೆ. ನಿಜ ಹೇಳಬೇಕೆಂದರೆ, ಸುತ್ತಿಬಿಡು ಎಂದು ಅವರು ಹೇಳಲಿ ಎಂದೇ ನನ್ನ ಆಸೆ.

"ಕತ್ತರಿಸು," ಎನ್ನುತ್ತಾರೆ ಗುಂಡಿಯಣ್ಣ. ಮೇಡಂಗೂ ಕೇಳಿಸುವಷ್ಟು ಗಟ್ಟಿಯಾಗಿ.

ಮೇಡಂ ಬಂದು ಬಗ್ಗಿ ನೋಡುತ್ತಾರೆ. ಕೂಗಾಡುವುದಿಲ್ಲ, ಅವರಿಗೂ ಕೂಗಾಡುವಷ್ಟು ಶಕ್ತಿ ಉಳಿದಂತಿಲ್ಲ. "ಇನ್ನು ಪರೀಕ್ಷೆ ಮಳೆಗಾಲ ಕಳೆದ ಮೇಲೆಯೇ, ಗುಂಡಿಯಣ್ಣ. ನನ್ನ ಕೈಲಿ ಏನೂ ಇಲ್ಲ," ಎನ್ನುತ್ತಾರೆ. ಹಾಕಿದ ಗಂಟನ್ನು ಕತ್ತರಿಸಿದರೆ ಕೇಬಲ್ ಗಿಡ್ಡವಾಗುತ್ತದೆ. ನಡುವೆ ಹೊಸ ತುಂಡು ಸೇರಿಸಬೇಕು, ಒಂದು ಗಂಟಿನ ಜಾಗದಲ್ಲಿ ಈಗ ಎರಡು. ಡೀಸೆಲ್ ಕಾಯುವುದಿಲ್ಲ. ಗುಂಡಿಯಣ್ಣ ಬಿದ್ದಿದ್ದ ಅಂಗಿಯ ಜೊತೆಗೆ ಚೀಲದಿಂದ ಇನ್ನೊಂದನ್ನೂ ಎತ್ತಿಕೊಂಡು, ನನ್ನ ಹೆಗಲಿಗೆ ಕೈಕೊಟ್ಟು, ಕಾಲು ಎಳೆದುಕೊಂಡು ಒಳಗೆ ಇಳಿಯುತ್ತಾರೆ. ಮಂಡಿ ನೆಲಕ್ಕೆ ತಾಗಿದಾಗ ಅವರ ಗಂಟಲಿನಿಂದ ಒಂದು ಸದ್ದು ಬರುತ್ತದೆ.

ಬಿಸಿಲೇರುವವರೆಗೂ ಭಾವ, ಭಾವಮೈದ ಬೆನ್ನಿಗೆ ಬೆನ್ನು ಕೊಟ್ಟು ಕೆಲಸ ಮಾಡುತ್ತಾರೆ. ಕರೆಂಟಿಲ್ಲದ ಅಕ್ಕಪಕ್ಕದ ಮನೆಗಳ ಕಿಟಕಿಗಳಿಂದ ಜನ ಬಗ್ಗಿ, ಇನ್ನೂ ಆಗಲಿಲ್ಲವೇ ಎಂದು ಕೇಳುತ್ತಾರೆ. ಒಬ್ಬರಂತೂ ಎರಡು ಸಲ ಬಂದು ಹೋದರು, ಅವರ ಫ್ರಿಜ್ಜಿನಲ್ಲಿ ಏನೋ ಕರಗುತ್ತಿದೆಯಂತೆ.

"ಬಯ್ಯಿ ಭಾವ, ಬಾಯ್ತುಂಬ ಬಯ್ದುಬಿಡು," ಎನ್ನುತ್ತಾರೆ ಭಾವಮೈದ.

"ಮನೆಗೆ ಹೋಗು. ನಿಮ್ಮಕ್ಕ ಕಾಯ್ತಿರ್ತಾಳೆ, ಬಯ್ಯೋದ್ರಲ್ಲಿ ಅವಳ ಮುಂದೆ ನಾನು ಯಾವ ಲೆಕ್ಕ."

ಎರಡೂ ಗಂಟಿಗೆ ಅಂಗಿ ಕೂತು, ಆಸ್ಪತ್ರೆಗೆ ಕರೆಂಟ್ ಬರುತ್ತದೆ, ಜನರೇಟರಿನ ಗದ್ದಲ ನಿಲ್ಲುತ್ತದೆ. ಸುಮ್ಮನಿದ್ದಿದ್ದರೆ ಕುರ್ಚಿ ಸಿಗುತ್ತಿತ್ತಲ್ಲ ಎಂದು ಕೇಳಿಯೇಬಿಟ್ಟೆ. ಅವರು ಗುಂಡಿಯೊಳಗಿನಿಂದಲೇ ನನ್ನನ್ನು ನೋಡುತ್ತಾರೆ.

"ಸಿಗ್ತಿತ್ತು. ಮಳೆ ಬಂದು ನೀರಿಳಿದ್ರೆ ಆ ಗಂಟು ಸಿಡಿಯೋದು ಗ್ಯಾರಂಟಿ. ಎಲ್ಲಿ ಹೋಯ್ತು ಅಂತ ಹುಡುಕ್ಕೊಂಡು ಗುಂಡಿ ತೋಡಿ ಇಳಿಯೋದು ಯಾರು? ನಾನು ಕುರ್ಚಿ ಮೇಲೆ ಇರ್ತೀನಿ. ಇಳಿಯೋನು ಇವನು. ನೀರು ತುಂಬಿದ ಗುಂಡೀಲಿ ಪಕ್ಕದ ಕರೆಂಟಿರೋ ಕೇಬಲ್ಲು ಇವನ ಮುಖಕ್ಕೆ ಸಿಡಿದ್ರೆ? ಇವನಕ್ಕನಿಗೆ ನಾನು ಮುಖ ತೋರ್ಸೋದು ಹೇಗೆ?"

ಮೇಲೆ ಬರಲು ಅವರಿಂದಾಗುವುದಿಲ್ಲ. ಭಾವಮೈದ ಕಂಕುಳಿಗೆ ಕೈಹಾಕಿ ಮಗುವಿನಂತೆ ಎತ್ತುತ್ತಾರೆ. ಗುಂಡಿಯಣ್ಣ ಅವರ ಕೊರಳಿಗೆ ಜೋತುಬಿದ್ದು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಾರೆ.

"ಮುಂದಿನ ಸಲ ಪಾಸಾಗೋ, ಮಾರಾಯ," ಎನ್ನುತ್ತಾರೆ. "ನಂಗೆ ಸಾಕಾಗಿದೆ."