ಕಾಯಿ ಎಣಿಸೋ ಪುಟ್ಟರಂಗಯ್ಯನ ಹಿತ್ತಲಾಟ

ಕಡಬದ ಪುಟ್ಟರಂಗಯ್ಯ ಕಾಯಿ ಎಣಿಸೋಕೆ ನಿಂತರೆ ದಾರೀಲಿ ಹೋಗೋರೂ ನಿಂತು ನೋಡುತ್ತಿದ್ದರು. ಎರಡೂ ಕೈಗೆ ಒಂದೊಂದು ತೆಂಗಿನಕಾಯಿ ಎತ್ತಿ, ಜೋಡಿಯಾಗಿ ಆ ಕಡೆ ರಾಶಿಗೆ ಎಸೆಯುತ್ತಾ, "ಲಾಭಾ... ಎರಡೂ... ಮೂರೂ..." ಅಂತ ರಾಗ ಎಳೆಯುವನು. ನಮ್ಮ ಸೀಮೆಯಲ್ಲಿ ಕಾಳು ಅಳೆಯೋರಾಗಲಿ ಕಾಯಿ ಎಣಿಸೋರಾಗಲಿ ಮೊದಲನೆಯದಕ್ಕೆ 'ಒಂದು' ಅನ್ನೋದಿಲ್ಲ, 'ಲಾಭ' ಅಂತಾರೆ. ಗುಬ್ಬಿ ಕಡೆ ಯಾರ ತೋಟದಲ್ಲಿ ಕಾಯಿ ಕೆಡವಿದರೂ ಎಣಿಕೆಗೆ ಅವನೇ ಬೇಕು. ಮೂವತ್ತು ವರ್ಷದಲ್ಲಿ ಒಂದು ದಿನವೂ ಲೆಕ್ಕ ತಪ್ಪಿದವನಲ್ಲ. ಆ ಜಂಬವೂ ಇತ್ತು ಅನ್ನಿ, ಮೂಗಿನ ತುದಿಯಲ್ಲಿ ಕೋಪವೂ ಇತ್ತು.

ತೊಂಬತ್ತೊಂಬತ್ತರ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ನೀರು ಹುಯ್ಕೊಳ್ಳುತ್ತಾ ಇದ್ದವನು ಹಾಗೇ ಬಲಕ್ಕೆ ವಾಲಿ ಬಿದ್ದ. ಲಕ್ವ. ತುಮಕೂರಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ಬಂದ. ದೇವರು ದೊಡ್ಡವನು, ಮಾತು ಬಂತು, ಕಾಲು ಎಳೆದುಕೊಂಡಾದರೂ ನಡೆಯುವ ಹಾಗಾಯಿತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿಕೊಂಡೇ ಉಳಿಯಿತು.

ಕೆಲಸ ಹೋದದ್ದನ್ನು ಅವನು ಹೇಗೋ ನುಂಗಿಕೊಂಡ. ನುಂಗಲಾರದೆ ಹೋದದ್ದು ಊಟದ ಸಂಕಟ. ಮುದ್ದೆಯನ್ನು ಚಮಚದಲ್ಲಿ ತಿನ್ನೋಕಾಗುತ್ತಾ ಸ್ವಾಮಿ? ಎಡಗೈಯಲ್ಲಿ ತಿನ್ನೋದು ಅಂದರೆ ಅವನಿಗೆ ಪ್ರಾಣ ಹೋದ ಹಾಗೆ. ಹೆಂಡತಿ ಚಿಕ್ಕಗಂಗಮ್ಮ ಅಡುಗೆಮನೆ ಬಾಗಿಲು ಮುಂದೆ ಮಾಡಿ, ಒಳಗೆ ಕೂರಿಸಿ, ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಮದುವೆ, ನಾಮಕರಣ, ಬೀಗರೂಟ ಯಾವುದಕ್ಕೂ ಅವನು ಹೋಗುವುದನ್ನೇ ಬಿಟ್ಟ. "ನಂಗೆ ಇನ್ನೇನೂ ಬ್ಯಾಡ ಕಣೇ, ಸಾಯೋದ್ರೊಳಗೆ ಒಂದ್ಸಲ ಪಂಕ್ತೀಲಿ ಕೂತು ನನ್ನ ಕೈಯ್ಯಾರೆ ಒಂದು ಮುದ್ದೆ ಉಣ್ಬೇಕು" ಅಂತ ಹೇಳಿ ಗೋಡೆ ಕಡೆ ತಿರುಗಿದ. ಆಸ್ಪತ್ರೆಯ ವ್ಯಾಯಾಮದ ಮೇಡಂ ದಿನಾ ನೂರು ಸಲ ಕೈ ಎತ್ತಿ ಬೆರಳು ಬಿಡಿಸಿ ಅಂದಿದ್ದರು. ಎರಡು ದಿನ ಮಾಡಿ, "ಗಾಳೀಲಿ ಕೈ ಆಡಿಸೋಕೆ ನಾನೇನು ಹುಚ್ಚನಾ?" ಅಂತ ಬಿಟ್ಟುಬಿಟ್ಟ.

ಸೊಸೆ ಹೇಮಶ್ರೀ ಕುಣಿಗಲ್ಲಿನವಳು. ಮಗ ರಂಗನಾಥ ಗುಬ್ಬಿಯಲ್ಲಿ ಲೈನ್‌ಮನ್, ಅವನ ಕೈಹಿಡಿದು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹೊಲಿಗೆ ಕಲಿತ ಹುಡುಗಿ. ಮಾವನ ಎದುರು ನಿಂತು ಮಾತಾಡಿದವಳೂ ಅಲ್ಲ, ಆದರೆ ತಲೆಯೊಳಗೆ ಏನೋ ಓಡುತ್ತಲೇ ಇರೋದು. ಒಂದು ದಿನ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೇ ಗಾಡಿ ಹಲಗೆ ಎಳೆದು, ಊಟದ ತಟ್ಟೆ ಕವುಚಿ ಇದ್ದಿಲಲ್ಲಿ ಗುಂಡಗೆ ಗೀಟು ಹಾಕಿ, ಬಡಗಿ ಅಡವಿಯಪ್ಪನ ಕೈಲಿ ತೂತು ಕೊಯ್ಯಿಸಿದಳು. ಹಿತ್ತಲ ನುಗ್ಗೆಮರದ ಬುಡಕ್ಕೆ ಹಲಗೆಯನ್ನು ಓರೆಯಾಗಿ ಆನಿಸಿದಳು. ಆ ತೂತಿಗೆ ಗುರಿಯಿಟ್ಟು ಎಸೆಯೋಕೆ ಅಂತ ಗಂಡನ ಹಳೇ ಖಾಕಿ ಪ್ಯಾಂಟು ಕತ್ತರಿಸಿ ಅಂಗೈಯಗಲದ ಎಂಟು ಚೀಲ ಹೊಲಿದಳು. ಒಳಗೆ ರಾಗಿ ತುಂಬಿದಳು ನೋಡಿ, ಅಲ್ಲೇ ಎಡವಟ್ಟಾಯಿತು.

"ಏನೇ ಹೇಮಾ, ಮನೆ ಹಾಳು ಮಾಡ್ತೀಯಾ! ರಾಗೀನ ನೆಲಕ್ಕೆ ಎಸೀತಾರೇನೇ? ಲಕ್ಷ್ಮಿ ಕಣೇ ಅದು!" ಅಂತ ಚಿಕ್ಕಗಂಗಮ್ಮ ಹಿತ್ತಲೇ ಹಾರಿಹೋಗುವ ಹಾಗೆ ಕೂಗಿದಳು. ಎಂಟೂ ಚೀಲ ಬಿಚ್ಚಿಸಿದಳು, ಉದುರಿದ ಒಂದೊಂದು ಕಾಳನ್ನೂ ಆಯ್ದಳು, ಕಣ್ಣಿಗೊತ್ತಿಕೊಂಡಳು. ಆಮೇಲೆ ತಾನೇ ಒಳಗೆ ಹೋಗಿ ಮಡಕೆಯಲ್ಲಿದ್ದ ಹುಣಸೆಬೀಜ ತಂದು ಸುರಿದಳು. "ಇದನ್ನ ತುಂಬು. ನಾನೂ ಒಂದು ಕೈ ನೋಡ್ತೀನಿ."

ಪುಟ್ಟರಂಗಯ್ಯ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಸೊಸೆ ಕರೆದರೆ, "ಮಕ್ಕಳಾಟ ಆಡೋ ವಯಸ್ಸೇನಮ್ಮ ನಂದು?" ಅಂದ. ಸರಿ, ಅತ್ತೆ ಸೊಸೆ ಇಬ್ಬರೇ ಶುರು ಮಾಡಿದರು. ಚೀಲ ಹಲಗೆ ಮೇಲೆ ನಿಂತರೆ ಒಂದು, ತೂತಿಗೆ ಬಿದ್ದರೆ ಮೂರು. ಹೇಮಶ್ರೀಯ ಮೊದಲ ಚೀಲ ಹಲಗೆ ಮೇಲೆ ನಿಂತಿತು. "ಒಂದು!" ಅಂತ ಕೂಗಿದಳು.

"ಲಾಭ ಅನ್ನಮ್ಮಾ!" ಮೆಟ್ಟಿಲಿಂದ ಗುಡುಗು ಬಂತು. "ಎಣಿಕೆಯೋನ ಮನೇಲಿ ಒಂದು ಅಂತ ಶುರು ಮಾಡ್ತೀಯಲ್ಲ!"

ಹುಡುಗಿ ಬೆಚ್ಚಿಬಿದ್ದಳು. ಬೇಕಂತ ಅಂದದ್ದಲ್ಲ ಪಾಪ, ಅವರ ತವರಲ್ಲಿ ಯಾರೂ ಕಾಯಿ ಎಣಿಸಿದೋರಲ್ಲ. ಸುಧಾರಿಸಿಕೊಂಡು, "ನಂಗೆ ಬರಲ್ಲ ಮಾವ, ನೀವೇ ಎಣಿಸಿ" ಅಂದಳು. ಅವನು ಎಣಿಸಿದ. ತಿಂಗಳುಗಟ್ಟಲೆ ಗಂಟಲಲ್ಲಿ ಸತ್ತುಹೋಗಿದ್ದ ರಾಗ ತೊದಲುತ್ತಲೇ ಎದ್ದು ಬಂತು. ಬಾಗಿಲಿಗೆ ಒರಗಿದ್ದ ಚಿಕ್ಕಗಂಗಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಮಾರನೇ ದಿನ ಎಡಗೈಯಲ್ಲಿ ಎಸೆದ. ನಾಲ್ಕನೇ ದಿನ ಬಲಗೈ ಮುಷ್ಟಿಯೊಳಗೆ ಚೀಲ ತುರುಕಿ ಅಂದ. ಆಗ ಗೊತ್ತಾಯಿತು ನೋಡಿ ಕಷ್ಟ ಏನು ಅಂತ. ಭುಜ ಎದ್ದಿತು, ಕೈ ಹೇಗೋ ಮುಂದಕ್ಕೆ ಬೀಸಿತು, ಬೆರಳು ಮಾತ್ರ ಚೀಲ ಬಿಡಲೊಲ್ಲವು. ಹಿಡಿದದ್ದು ಹಿಡಿದ ಹಾಗೇ. ಹೇಮಶ್ರೀ ಹತ್ತಿರ ಬಂದು ಹೆಬ್ಬೆರಳಿಂದ ಶುರು ಮಾಡಿ ಒಂದೊಂದೇ ಬೆರಳು ಬಿಡಿಸಿ ಚೀಲ ತೆಗೆಯುವಳು, ಮತ್ತೆ ಇಡುವಳು. "ಥೂ, ಈ ಕೈ ಕಡಿದು ಬಿಸಾಕ" ಅಂತ ಬೈದುಕೊಂಡ. ಅವಳು ಮತ್ತೆ ಇಟ್ಟಳು. ಬೆಳಿಗ್ಗೆ ಐವತ್ತು, ಸಂಜೆ ಐವತ್ತು. ಹೆತ್ತ ಮಗಳೂ ಇಷ್ಟು ತಾಳುತ್ತಿರಲಿಲ್ಲವೇನೋ ಅಂತ ಅವನಿಗೆ ಅನಿಸುತ್ತಿತ್ತು, ಬಾಯಿಬಿಟ್ಟು ಹೇಳಲು ಬಿಗುಮಾನ.

ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ಕೈ ಬೀಸಿದ, ಚೀಲ ಧೊಪ್ಪಂತ ಅವನ ಕಾಲ ಬುಡಕ್ಕೇ ಬಿತ್ತು. ಹಲಗೆ ಎಂಟಡಿ ಆಚೆ ಇದೆ! ಆದರೆ ಬೆರಳು ತಾವಾಗಿ ಬಿಟ್ಟಿದ್ದವಲ್ಲ. ಮೂವರೂ ಆ ಚೀಲವನ್ನೇ ನೋಡಿದರು. ಆಮೇಲೆ ಪುಟ್ಟರಂಗಯ್ಯ ಹೋ ಅಂತ ಅತ್ತುಬಿಟ್ಟ.

ಅಲ್ಲಿಂದ ಮುಂದೆ ಆಟಕ್ಕೆ ಕಳೆ ಬಂತು. ಅವನ ಜೊತೆ ಎಣಿಕೆಗೆ ಹೋಗುತ್ತಿದ್ದ ಅಣ್ಣಯ್ಯಪ್ಪ ದಿನಾ ಸಂಜೆ ಹಾಜರ್. ಹಲಗೆಯನ್ನು ಮೊದಲು ಮೂರಡಿಗೆ ತಂದರು, ವಾರಕ್ಕಿಷ್ಟು ಅಂತ ಹಿಂದಕ್ಕೆ ಸರಿಸಿದರು. ಗುರಿ ತಪ್ಪಿದಾಗ ಪುಟ್ಟರಂಗಯ್ಯ, "ಹಲಗೆ ವಾಲೈತೆ ಕಣೋ" ಅನ್ನುವನು. "ಹೂಂ ಬುಡು, ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ" ಅಂತ ಅಣ್ಣಯ್ಯಪ್ಪ ರೇಗಿಸುವನು. ಗೆಳೆಯನ ಮೇಲೆ ಗೆದ್ದ ದಿನ ಪುಟ್ಟರಂಗಯ್ಯ ಒಂದು ಲೋಟ ಮಜ್ಜಿಗೆ ಹೆಚ್ಚು ಕುಡಿಯುತ್ತಿದ್ದ.

ಎರಡು ಸಾವಿರನೇ ಇಸವಿಯ ಬೇಸಿಗೆ ಕಳೆದು ಮುಂದಿನ ಬೇಸಿಗೆಯೂ ಬಂತು. ಅಣ್ಣಯ್ಯಪ್ಪನ ಮಗಳ ಮದುವೆಯ ಬೀಗರೂಟ. "ನೀನು ಕೂರದೆ ಎಲೆ ಹಾಕ್ಸಲ್ಲ" ಅಂತ ಗೆಳೆಯ ಹಟ ಹಿಡಿದು ಕರೆದೊಯ್ದ. ಊರೋರೆಲ್ಲ ಸಾಲಾಗಿ ಕೂತ ಪಂಕ್ತಿ. ಅಡುಗೆಯವರ ಜೊತೆ ಬಡಿಸಲು ನಿಂತಿದ್ದ ಹೇಮಶ್ರೀಯೇ ಬಂದು ಮುದ್ದೆ ಇಟ್ಟು ಸಾರು ಬಿಟ್ಟಳು. ಮಾವನ ಮುಖ ನೋಡುವ ಧೈರ್ಯ ಅವಳಿಗಿಲ್ಲ, ಮುಂದಿನ ಎಲೆಗೆ ಸರಿದಳು.

ಪುಟ್ಟರಂಗಯ್ಯ ಬಲಗೈ ಎತ್ತಿದ. ಬೆರಳು ಬಿಡಿಸಿ ಮುದ್ದೆಯ ಮೇಲಿಟ್ಟ, ಮುರಿದ, ಸಾರಲ್ಲಿ ಹೊರಳಿಸಿದ. ಸಾರು ಮೊಣಕೈವರೆಗೂ ಇಳಿಯಿತು. ಮೊದಲ ತುತ್ತು ಗದ್ದಕ್ಕೆ ಮೆತ್ತಿತು. ಎರಡನೆಯದು ಬಾಯಿಗೆ ಬಂತು, ನುಂಗಿದ. ಪಕ್ಕದೋರು ಅವರವರ ಮೂಳೆ ಕಡಿಯೋದರಲ್ಲಿದ್ದರು, ಇವನನ್ನು ಯಾರೂ ನೋಡಲಿಲ್ಲ. ಅದೇ ಅವನಿಗೆ ಸ್ವರ್ಗ. ಪಂಕ್ತಿ ಎದ್ದು ಹೋದ ಮೇಲೂ ಒಬ್ಬನೇ ಕೂತು ಮುದ್ದೆ ಪೂರ್ತಿ ಮುಗಿಸಿದ.

ಕೈ ತೊಳೆಯಲು ಎದ್ದಾಗ ಹೇಮಶ್ರೀ ಚೊಂಬು ಹಿಡಿದು ನೀರು ಹಾಕಿದಳು. ಅವನು ಕೈ ಒರೆಸಿಕೊಳ್ಳಲಿಲ್ಲ. ಒದ್ದೆ ಕೈ ಎರಡನ್ನೂ ಜೋಡಿಸಿ ಅವಳ ಎದುರು ಮುಗಿದ.

"ಅಯ್ಯೋ ಮಾವ, ಬೇಡಿ! ದೊಡ್ಡೋರು ಕೈ ಮುಗಿದ್ರೆ ನನ್ನ ಆಯಸ್ಸು ಕಮ್ಮಿಯಾಗುತ್ತೆ."

"ಹಂಗಾರೆ ತಲೆ ಬಗ್ಸವ್ವ."

ಬಗ್ಗಿಸಿದಳು. ಅವಳ ನೆತ್ತಿಯ ಮೇಲೆ ಮಾವನ ಬಲಗೈ ಬಂದು ಕೂತಿತು, ಐದು ಬೆರಳೂ ಬಿಚ್ಚಿಕೊಂಡು.