ತೇಪೆಯ ಹಸಿರು

ಧಾರವಾಡದ ಬಿಂದುಮಾಧವರಾಯರು ಯುದ್ಧವಿಮಾನಗಳ ಗೇಣುದ್ದದ ಮಾದರಿ ಮಾಡುವವರು. ಬಣ್ಣದ ವಿಷಯದಲ್ಲಿ ಬ್ರಹ್ಮ ಬಂದು ಹೇಳಿದರೂ ಜಗ್ಗುವವರಲ್ಲ. ಹುಬ್ಬಳ್ಳಿ ದುರ್ಗದಬೈಲಿನ ಬಣ್ಣದಂಗಡಿಯವನು ಹಸಿರು ಡಬ್ಬಿ ತೆರೆದರೆ, "ಇದು ಗಿಳಿಗಿ ಛಲೋರಿ, ವಿಮಾನಕ್ಕಲ್ಲ" ಎಂದು ಮುಚ್ಚಿಸುತ್ತಾರೆ. ಮನೆಯಲ್ಲಿ ಹಸಿರಿಗೆ ಕಪ್ಪು, ಹಳದಿ ಹನಿಹನಿಯಾಗಿ ಬೆರೆಸಿ, ಹೆಬ್ಬೆರಳ ಉಗುರಿಗೆ ಹಚ್ಚಿ ಬಿಸಿಲಿಗೆ ಹಿಡಿಯುತ್ತಾರೆ; ಅದೇ ಉಗುರಿನಲ್ಲಿ ಊಟಕ್ಕೂ ಕೂಡುತ್ತಾರೆ. "ಕೈ ತೊಳ್ಕೊಂಡು ಬರ್ರಿ, ಹೊಟ್ಟ್ಯಾಗ ವಿಮಾನ ಹಾರೀತು!" ಎಂದು ಹೆಂಡತಿ ಲಕ್ಷ್ಮೀಬಾಯಿ ಗದರುತ್ತಾರೆ. ಇಂಥವರ ಕಪಾಟಿನಲ್ಲಿ ಒಂದು ವಿಮಾನದ ರೆಕ್ಕೆಗೆ ಮಾತ್ರ ಬೇರೆಯೇ ಹಸಿರಿನ ತೇಪೆ. ಅದನ್ನೇ ಮತ್ತೆ ಮತ್ತೆ ಕೆರೆದು ಬಳಿಯುತ್ತಾರೆ. "ಇಲ್ಲಿ ತಪ್ಪಾಗೇತಲ್ರಿ?" ಎಂದು ಬಂದವರು ಕೇಳಿದರೆ ರಾಯರು ಕನ್ನಡಕ ತೆಗೆಯುತ್ತಾರೆ. "ನಮ್ಮಪ್ಪ ಈ ವಿಮಾನದ ಮೆಕ್ಯಾನಿಕ್ ಇದ್ದಾ. ಯುದ್ಧದಾಗ ಗುಂಡಿನ ತೂತು ಮುಚ್ಚಿ ಕೈಗೆ ಸಿಕ್ಕ ಬಣ್ಣಾ ಬಳದಿದ್ದಾ. ಮೆಂತ್ಯಸೊಪ್ಪಿನ್ಹಂಗ ಇತ್ತು ಅಂತಿದ್ದಾ. ಈಗ ಅವನೂ ಇಲ್ಲ. ಸರಿ ಆತೇನಂತ ಯಾರನ್ನ ಕೇಳ್ಲಿ?"